ಪೋರ್ಚುಗಲ್ಲಿಗೆ ತೋರಿಸಿದ ಪಹಣಿ

ನನ್ನ ಮೊಮ್ಮಗಳಿಗೆ ಪೋರ್ಚುಗಲ್ ದೇಶದಲ್ಲಿ ವಾಸಕ್ಕೆ ಕೊಡುವ ಕಾರ್ಡು ಬಂದಿದೆ. ಅದರಲ್ಲಿ ಅವಳ ಫೋಟೋ ಎಷ್ಟು ಚೆನ್ನಾಗಿದೆ ಎಂದರೆ, ಗೋಣಿಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಿದರೆ ನಾನೇ ಮೇಲೆ ಬಿದ್ದು ಹೇಳುತ್ತೇನೆ. ಹೇಳುವಾಗ ನಗು ತಡೆಯಲಾಗುವುದಿಲ್ಲ. ಬಾಣಂತಿಕೋಣೆಯಿಂದ ನಾನು ಎತ್ತಿಕೊಂಡ ಮಗು ಅದು. ಹತ್ತು ವರ್ಷ ನನ್ನ ಪಕ್ಕದಲ್ಲೇ ಮಲಗಿದೆ. ಅವಳನ್ನು ನೋಡಿಕೊಳ್ಳಲೆಂದೇ ನಾನು ಮಗಳ ಮನೆಯಲ್ಲಿ ಉಳಿದವಳು.

ಅಳಿಯ ಎಸ್ಟೇಟಿನ ಒಂದು ಭಾಗ ಮಾರಿ ಆ ದೇಶದ ಯಾವುದೋ ಫಂಡಿನಲ್ಲಿ ದುಡ್ಡು ಹಾಕಿದ. ಹಾಗೆ ಹಾಕಿದವರ ಸಂಸಾರಕ್ಕೆ ಅಲ್ಲಿ ವಾಸ ಮಾಡಲು ಅನುಮತಿ ಸಿಗುತ್ತದೆಯಂತೆ. ವಯಸ್ಸಾದ ತಂದೆತಾಯಿಯನ್ನೂ ಸೇರಿಸಬಹುದು ಎಂದು ಗೊತ್ತಾದ ದಿನ ಮೊಮ್ಮಗಳು ನನ್ನ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಅಲ್ಲಿನ ಚಳಿಗೆ ಯಾವುದು ಆಗುತ್ತದೆ ಎಂದು ಆರಿಸಿದಳು.

ಕಾಗದಪತ್ರ ಮಾಡಿಸಲು ಮಂಗಳೂರಿನಿಂದ ಏಜೆಂಟರು ಬಂದರು.

"ಅಮ್ಮಾ, ಇಲ್ಲೊಂದು ರುಜು ಹಾಕಿ. ನಿಮ್ಮ ಊಟ, ಬಟ್ಟೆ, ಔಷಧಿ ಎಲ್ಲ ಮಗಳು ಅಳಿಯನೇ ನೋಡ್ಕೊಳ್ತಾರೆ ಅಂತ."

ರುಜು ಹಾಕಿದೆ. ಆದರೆ ಮನಸ್ಸಿಗೆ ಚುಚ್ಚಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅಳಿಯನ ಮನೆಯಲ್ಲಿ ಉಂಡು ಕೂತವಳು ಎನ್ನಿಸಿಕೊಂಡವಳಲ್ಲ. ನಮ್ಮ ಕಡೆ ಸಂಬಂಧ ಕೇಳಿ ಬಂದವರ ಮುಂದೆ ಮೊದಲು ಹೇಳುವುದೇ ತೋಟ ಎಷ್ಟಿದೆ ಎಂದು. ಗತಿಯಿಲ್ಲದ ಮುದುಕಿ ಎಂದರೆ ಆ ದೇಶದವರು ಸೇರಿಸಿಕೊಳ್ಳುತ್ತಾರೆಯೇ? ಮರುದಿನ ನನ್ನ ಆಧಾರ್ ಕಾರ್ಡಿನ ಜೆರಾಕ್ಸ್ ಕಳಿಸುವುದಿತ್ತು. ವಸ್ತಾರೆಯ ಹತ್ತಿರ ತವರಿನಿಂದ ನನಗೆ ಬಂದ ಎರಡು ಎಕರೆ ತೋಟದ ಪಹಣಿಯನ್ನೂ, ಕಾಫಿ, ಮೆಣಸು ಮಾರಿದ ಚೀಟಿಗಳನ್ನೂ ಯಾರಿಗೂ ಹೇಳದೆ ಅದೇ ಕವರಿಗೆ ಸೇರಿಸಿದೆ. ಮನೆಯವರೇ ಕೊಟ್ಟದ್ದೆಂದು ಏಜೆಂಟರ ಆಫೀಸಿನವರು ಎಲ್ಲವನ್ನೂ ತರ್ಜುಮೆ ಮಾಡಿಸಿ ಕಳಿಸಿಬಿಟ್ಟರು.

ಬಹಳ ತಿಂಗಳ ಮೇಲೆ ಉತ್ತರ ಬಂತು. ಮೂವರಿಗೂ ಒಪ್ಪಿಗೆ, ನನಗೆ ಇಲ್ಲ. ಸ್ವಂತ ಆದಾಯ ಇರುವವಳು ಮಗಳ ಆಶ್ರಯದಲ್ಲಿ ಇರುವವಳಲ್ಲ ಎಂದು ಬರೆದಿದ್ದರು.

"ನಿನ್ನ ಪಹಣಿ ಯಾರು ಕೇಳಿದ್ರಮ್ಮ?" ಎಂದಳು ಮಗಳು.

"ಯಾರೂ ಕೇಳ್ಲಿಲ್ಲ. ಒಳ್ಳೇ ಮನೆಯವ್ರು ಅಂತ ಗೊತ್ತಾಗ್ಲಿ ಅಂತ ಇಟ್ಟೆ."

"ಅವ್ರೇನು ನಿನ್ನ ಹೆಣ್ಣು ನೋಡೋಕೆ ಬಂದಿದ್ರಾ?"

ಅಳಿಯ ನಕ್ಕುಬಿಟ್ಟ. ನಾನೂ ನಕ್ಕೆ. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಒಂದು ಲೋಟವೂ ಇರಲಿಲ್ಲ.

"ಬಿಡು ಮಾರಾಯ್ತಿ, ಮತ್ತೆ ಅರ್ಜಿ ಹಾಕಿದ್ರಾಯ್ತು," ಎಂದ ಅಳಿಯ ಅವಳಿಗೆ.

ಮತ್ತೆ ಹಾಕಿದರೆ ವರ್ಷಗಳೇ ಹಿಡಿಯಬಹುದು, ಸಿಕ್ಕೇ ಸಿಗುತ್ತದೆ ಎಂದೂ ಇಲ್ಲ ಎಂದರು ಏಜೆಂಟರು. ಮಗುವಿನ ಶಾಲೆ ಅಲ್ಲಿ ಸೆಪ್ಟೆಂಬರಿನಲ್ಲೇ ಶುರು, ಅಷ್ಟರೊಳಗೆ ಅವರು ಮೂವರು ಹೊರಡಬೇಕು.

ಕಾರ್ಡು ಬಂದ ದಿನ ಮೊಮ್ಮಗಳು ಅಂಗಳದ ತುಂಬ ಕುಣಿದಳು. ಆ ಕುಣಿತ ನೋಡಿ ನನಗೆ ಹೊಟ್ಟೆ ತುಂಬಿತು, ಸುಳ್ಳು ಹೇಳುವುದಿಲ್ಲ.

ಈಗ ದಿನಾ ಬೆಳಿಗ್ಗೆ ಅವಳ ಜಡೆ ಅವಳೇ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದೇನೆ. ಕೂದಲಿನ ಮೂರು ಕಾಲೂ ಒಂದೇ ದಪ್ಪ ಬರುವುದಿಲ್ಲ, ಸೊಟ್ಟಗಾಗುತ್ತದೆ. "ಅಜ್ಜಿ, ಇವತ್ತೊಂದಿನ ನೀನೇ ಹಾಕು," ಎಂದು ಬೆನ್ನು ತಿರುಗಿಸುತ್ತಾಳೆ. ಕೈ ಮುಂದೆ ಹೋಗುತ್ತದೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಿನ್ನೆ ಮೊದಲ ಸಲ ತುದಿಯವರೆಗೂ ನೀಟಾಗಿ ಬಂತು. "ಹೆಂಗಿದೆ ಅಜ್ಜಿ?" ಎಂದು ಕೇಳಿದಳು.

ಸರಿಯಾಗಿಲ್ಲ, ಬಿಚ್ಚಿ ಮತ್ತೆ ಹಾಕು ಎಂದೆ.