ಯಂತ್ರ ಕಣ್ಣು ಮುಚ್ಚುವ ಮೂರು ನಿಮಿಷ

ಅಕ್ಕ ಕೆಲಸದಿಂದ ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದು, ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಬಿಟ್ಟು ಸುಮ್ಮನೆ ಕುಳಿತಿರುತ್ತಾಳೆ. ಇಡೀ ದಿನ ಕೈಗವಸಿನೊಳಗಿದ್ದು ಅವಳ ಬೆರಳ ತುದಿಗಳು ಬಟ್ಟೆ ಒಗೆದವರ ಬೆರಳಿನಂತೆ ಸುಕ್ಕಾಗಿರುತ್ತವೆ. ನನ್ನ ಮಗಳು ಅಂಬೆಗಾಲಿಟ್ಟು ಹೋಗಿ ಅವಳ ಬಟ್ಟೆ ಜಗ್ಗಿದರೆ, "ಇರು ಚಿನ್ನ, ದೊಡ್ಡಮ್ಮನ ಕೈ ಇನ್ನೂ ಆಫೀಸಲ್ಲೇ ಇದೆ" ಅನ್ನುತ್ತಾಳೆ. ಮೊಣಕೈವರೆಗೆ ಸೋಪು ಹಾಕಿ ತೊಳೆದ ಮೇಲೆಯೇ ಮಗು.

ಅಕ್ಕನದು ಪರೀಕ್ಷಾಲಯದ ಕೆಲಸ. ಯಾರೋ ಸೀಸೆಯಲ್ಲಿ ನೀರು ಕಳಿಸುತ್ತಾರೆ, ಇನ್ಯಾರೋ ಎಣ್ಣೆ, ಮಣ್ಣು, ಬಣ್ಣ. ಅದರಲ್ಲಿ ಏನೇನಿದೆ ಎಂದು ಹೆಸರು ಹಿಡಿದು ಹೇಳಬೇಕು. ಅದಕ್ಕೆಂದು ಇರುವ ಯಂತ್ರಕ್ಕೆ ಗ್ಯಾಸ್ ಕ್ರೊಮಾಟೊಗ್ರಫಿ, ಮಾಸ್ ಸ್ಪೆಕ್ಟ್ರೊಮೆಟ್ರಿ ಎಂದು ಎರಡು ಉದ್ದುದ್ದ ಹೆಸರುಗಳು. ನಾನು ಬಸುರಿಯಾಗಿ ಮಲಗಿದ್ದ ದಿನಗಳಲ್ಲಿ ಅಕ್ಕ ಪಕ್ಕದಲ್ಲಿ ಕುಳಿತು ಅದನ್ನು ಕಥೆಯಂತೆ ಹೇಳುತ್ತಿದ್ದಳು. ಪರೀಕ್ಷಿಸಬೇಕಾದ ದ್ರವದ ಒಂದು ತೊಟ್ಟನ್ನು ಬೇರೊಂದು ದ್ರಾವಕದಲ್ಲಿ ಬೆರೆಸಿ, ಸೂಜಿಯಿಂದ ಯಂತ್ರದ ಬಿಸಿ ಬಾಯಿಗೆ ಚುಚ್ಚುತ್ತಾರೆ. ಅದು ಆವಿಯಾಗಿ, ಕೂದಲಿನಷ್ಟು ಸಪೂರದ, ಸುರುಳಿ ಸುತ್ತಿದ ಉದ್ದನೆಯ ಕೊಳವೆಯೊಳಗೆ ಓಡುತ್ತದೆ. ಹಗುರದ್ದು ಬೇಗ ಹೊರಗೆ ಬರುತ್ತದೆ, ಅಂಟಿಕೊಳ್ಳುವ ಸ್ವಭಾವದ್ದು ತಡವಾಗಿ. ಹೀಗೆ ಒಂದೊಂದಾಗಿ ಬಂದದ್ದನ್ನು ಯಂತ್ರ ಒಡೆದು ಚೂರು ಮಾಡಿ, ಚೂರುಗಳನ್ನು ತೂಗುತ್ತದೆ.

"ಒಡೆದ ತಟ್ಟೆಯ ಚೂರು ನೋಡಿ ಇದು ಇಂಥವರ ಮನೆ ತಟ್ಟೆ ಅನ್ನೋ ಹಾಗೆ, ಅಷ್ಟೇ" ಎಂದಿದ್ದಳು.

"ಚೂರು ನೋಡಿದ್ರೆ ಸಾಕಲ್ಲ, ಎಷ್ಟು ಹೊತ್ತಿಗೆ ಬಂತು ಅಂತ ಯಾಕೆ ಲೆಕ್ಕ?"

"ಅಣ್ಣತಮ್ಮಂದಿರ ಮನೇಲಿ ಎಲ್ಲರದ್ದೂ ಒಂದೇ ಥರದ ತಟ್ಟೆ ಇದ್ರೆ? ಯಾರು ಯಾವಾಗ ಬಂದ್ರು ಅಂತ ನೋಡಿದ್ರೇನೇ ಇವನು ಯಾರು ಅಂತ ಗೊತ್ತಾಗೋದು."

ಯಂತ್ರ ತಾನಾಗಿಯೇ ಒಂದು ಹೆಸರನ್ನು ಪರದೆಯ ಮೇಲೆ ತೋರಿಸುತ್ತದೆ. ಅಕ್ಕ ಅದನ್ನು ನಂಬುವುದಿಲ್ಲ. ಆ ಹೆಸರಿನ ಶುದ್ಧ ವಸ್ತುವನ್ನು ಬೀರುವಿನಿಂದ ತೆಗೆದು ಅದನ್ನೂ ಓಡಿಸಿ, ಎರಡೂ ಒಂದೇ ಹೊತ್ತಿಗೆ ಬಂದರೆ ಮಾತ್ರ ಸಹಿ. ಏನಾದರೂ ಸಂಶಯವಿದ್ದರೆ "ಇನ್ನೊಂದ್ಸಲ ಹಾಕಿ ನೋಡೋಣ" ಎಂಬುದು ಅವಳ ಬಾಯಿಪಾಠ. ಅಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ, ಈಗೀಗ ಮುಖದ ಮುಂದೆಯೂ, "ಇನ್ನೊಂದ್ಸಲ ಮೇಡಂ" ಎಂದೇ ಕರೆಯುವುದು.

ಆದರೆ ಆ ದಿನ ಅವಳು ಇನ್ನೊಂದ್ಸಲ ಅನ್ನಲಿಲ್ಲ.

ಆ ವಾರ ಯಂತ್ರದ ಪಂಪು ಕೆಟ್ಟು, ರಿಪೇರಿಯಾಗಿ, ಮತ್ತೆ ಕೆಟ್ಟು ಅವಳ ಜೀವ ಹಿಂಡಿತ್ತು. ಮನೆಯಲ್ಲಿ ಮಗುವಿಗೆ ಹಲ್ಲು ಬರುವ ಗಲಾಟೆ. ಗೋಡೆಯಾಚೆ ಮಲಗಿದ್ದರೂ ಅಕ್ಕನಿಗೂ ನಿದ್ದೆಯಿಲ್ಲ. ಬೆಳಿಗ್ಗೆ ನಿಂತುಕೊಂಡೇ ಅರ್ಧ ಲೋಟ ಚಹಾ ಕುಡಿದು, ಉಳಿದದ್ದನ್ನು ಕಿಟಕಿಯಲ್ಲಿ ಮರೆತು ಹೋಗಿದ್ದಳು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಒಂದು ಬಾಟಲಿ ಬಂತಂತೆ. ಮರದ ಸಾಮಾನಿಗೆ ಪಾಲಿಶ್ ಹೊಡೆಯುವವನೊಬ್ಬ ಏನನ್ನೋ ತಂಪುಪಾನೀಯದ ಬಾಟಲಿಗೆ ಸುರಿದಿಟ್ಟಿದ್ದ. ಅವನ ಏಳು ವರ್ಷದ ಮಗಳು ಅದನ್ನು ಎರಡು ಗುಟುಕು ಕುಡಿದುಬಿಟ್ಟಿದ್ದಳು. ಏನದು ಎಂದರೆ, ಡಬ್ಬಿಯಲ್ಲಿ ಸಿಕ್ಕಿದ್ದು, ಅಗ್ಗದ ಮಾಲು, ಹೆಸರು ಗೊತ್ತಿಲ್ಲ ಎಂದು ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಅಕ್ಕ ಎಂದಿನ ಕ್ರಮದಲ್ಲೇ ಪರೀಕ್ಷೆ ಓಡಿಸಿದಳು. ಟಾಲುಯೀನ್ ಬಂತು, ಅದರ ಹಿಂದೆ ಅದರ ನೆಂಟರು ಒಂದಿಬ್ಬರು. ಬಣ್ಣ ತೆಳುಮಾಡುವ ಮಾಮೂಲಿ ಥಿನ್ನರ್. ಶುದ್ಧ ವಸ್ತುವಿನೊಂದಿಗೆ ತಾಳೆಯೂ ಆಯಿತು. ಸಹಿ ಹಾಕಿ ಕಳಿಸಿದಳು.

ಸಂಜೆ ಅಕ್ಕ ಮನೆಗೆ ಬಂದು ಕೈ ತೊಳೆಯಲು ಬಚ್ಚಲಿಗೆ ಬಂದಾಗ ನಾನು ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ. ತಲೆಗೆ ನೀರು ಹಾಕುವಾಗ ನಾನು ಎಡಗೈಯನ್ನು ಮಗಳ ಹುಬ್ಬಿನ ಮೇಲೆ ಅಡ್ಡ ಹಿಡಿದು ಕಣ್ಣು ಮುಚ್ಚಿಸುತ್ತೇನೆ. ಸೋಪಿನ ನೀರೆಲ್ಲ ಇಳಿದ ಮೇಲೆ ಕೈ ತೆಗೆಯುವುದು. ಅಕ್ಕ ನಲ್ಲಿ ಬಿಟ್ಟವಳು ಕೈ ಒಡ್ಡದೆ ಹಾಗೇ ನಿಂತಳು.

"ನೀರು ಸುಮ್ನೆ ಹೋಗ್ತಿದೆ ಕಣೆ" ಅಂದೆ.

"ನೀನು ಕೈ ಅಡ್ಡ ಹಿಡಿದಾಗ ಅವಳಿಗೆ ಏನು ಕಾಣತ್ತೆ?"

"ಏನೂ ಕಾಣಲ್ಲ. ಅದಕ್ಕೇ ಕಿರುಚೋದು."

ಅಕ್ಕ ನಲ್ಲಿ ನಿಲ್ಲಿಸಿ ಗೋಡೆಗೊರಗಿದಳು. "ನಾವೂ ಮುಚ್ತೀವಿ. ಮೊದಲ ಮೂರು ನಿಮಿಷ."

ಅವಳು ತಡವರಿಸುತ್ತ ಹೇಳಿದ್ದು ಇಷ್ಟು. ಬೆರೆಸಿದ ದ್ರಾವಕವೇ ಎಲ್ಲಕ್ಕಿಂತ ಮೊದಲು, ಪ್ರವಾಹದಂತೆ ಹೊರಗೆ ಬರುತ್ತದೆ. ಅದರ ಹೊಡೆತಕ್ಕೆ ಯಂತ್ರದೊಳಗಿನ ಸೂಕ್ಷ್ಮ ತಂತಿ ಸುಟ್ಟುಹೋಗಬಾರದೆಂದು ಮೊದಲ ಮೂರು ನಿಮಿಷ ಯಂತ್ರ ನೋಡುವುದನ್ನೇ ನಿಲ್ಲಿಸಿರುತ್ತದೆ. ದಿನವೂ ಹೀಗೇ ಮಾಡುವುದರಿಂದ ಅದು ಯಾರ ತಲೆಗೂ ಬರುವುದಿಲ್ಲ. ಆದರೆ ತೀರ ಹಗುರವಾದ ವಸ್ತುವೊಂದು ಆ ಬಾಟಲಿಯಲ್ಲಿದ್ದರೆ ಅದೂ ಆ ಮೂರು ನಿಮಿಷದಲ್ಲೇ ಹಾದುಹೋಗಿರುತ್ತದೆ. ಅಗ್ಗದ ಥಿನ್ನರಿಗೆ ಮೆಥನಾಲ್ ಬೆರೆಸುತ್ತಾರೆ. ಮೆಥನಾಲ್ ಕುಡಿದವರು ಮೊದಲ ದಿನ ಚೆನ್ನಾಗಿಯೇ ಇರುತ್ತಾರೆ. ಆಮೇಲೆ ಕಣ್ಣು ಹೋಗುತ್ತದೆ.

ಅಕ್ಕ ಒದ್ದೆ ಕೈಯಲ್ಲೇ ಆಸ್ಪತ್ರೆಗೆ ಫೋನು ಮಾಡಿದಳು. ಡಾಕ್ಟರಮ್ಮನ ದನಿ ನನಗೂ ಕೇಳುತ್ತಿತ್ತು. "ಮಗು ಆಟ ಆಡ್ತಾ ಇದೆ. ನಿಮ್ಮ ರಿಪೋರ್ಟ್ ನೋಡೇ ಮನೆಗೆ ಕಳಿಸೋಕೆ ಬರೆದಿದ್ದೀನಿ. ಅವರಪ್ಪ ಚೀಲ ಕಟ್ಕೊಂಡು ನಿಂತಿದ್ದಾರೆ."

"ಕಳಿಸ್ಬೇಡಿ. ನನ್ನ ರಿಪೋರ್ಟ್ ಅರ್ಧ. ಮೆಥನಾಲ್ ಇರಬಹುದು."

ಆ ಕಡೆ ಡಾಕ್ಟರಮ್ಮ ಕುರ್ಚಿ ಸರಿಸಿ ಎದ್ದ ಸದ್ದಾಯಿತು. "ರಕ್ತ ಈಗಲೇ ತೆಗಿಸ್ತೀನಿ. ಅದಕ್ಕೆ ಕೊಡೋ ಔಷಧಿ ನಮ್ಮಲ್ಲಿಲ್ಲ, ತರಿಸೋಕೆ ಹೇಳ್ತೀನಿ. ನೀವು ಇದೆ, ಇಲ್ಲ, ಎರಡರಲ್ಲಿ ಒಂದು ಹೇಳಿ."

ಮಗುವನ್ನು ಟವಲಿನಲ್ಲೇ ಸುತ್ತಿಕೊಂಡು ನಾನೂ ಹೊರಟೆ. ಎರಡು ಬೀದಿಯಾಚೆಯ ಪರೀಕ್ಷಾಲಯಕ್ಕೆ ಜೊತೆ ಬೇಕೆಂದಲ್ಲ, ಅಕ್ಕ ಮೆಟ್ಟಿಲಿಳಿಯುವಾಗ ಒಂದು ಚಪ್ಪಲಿ ಅವಳದು, ಒಂದು ನನ್ನದು ಹಾಕಿಕೊಂಡಿದ್ದಳು. ಪರೀಕ್ಷಾಲಯದ ಗೇಟಿನಲ್ಲಿ ಕಾವಲಿನವನು ನಕ್ಕ. "ಏನ್ ಮೇಡಂ, ಮನೆಗೆ ಹೋಗಿದ್ದೂ ಸರಿಯಾಯ್ತೋ ಇಲ್ವೋ ಅಂತ ಇನ್ನೊಂದ್ಸಲ ನೋಡೋಕೆ ಬಂದ್ರಾ?" ಅಕ್ಕನ ಮುಖ ನೋಡಿ ನಗು ನುಂಗಿಕೊಂಡು ಬೀಗ ತೆಗೆದ. ನನಗೆ ತನ್ನ ಕುರ್ಚಿ ಬಿಟ್ಟುಕೊಟ್ಟ.

ಗಾಜಿನ ಬಾಗಿಲಾಚೆ ಅಕ್ಕ ಕಾಣುತ್ತಿದ್ದಳು. ಈ ಸಲ ದ್ರಾವಕವನ್ನೇ ಬೆರೆಸಲಿಲ್ಲ. ಬಾಟಲಿಯ ದ್ರವವನ್ನು ಮುಚ್ಚಿದ ಸೀಸೆಯಲ್ಲಿ ಬೆಚ್ಚಗೆ ಮಾಡಿ, ಮೇಲೆ ನಿಂತ ಆವಿಯನ್ನಷ್ಟೇ ಸೂಜಿಯಲ್ಲಿ ಎಳೆಯುವುದು. ಪ್ರವಾಹವೇ ಇಲ್ಲವೆಂದ ಮೇಲೆ ಯಂತ್ರ ಮೊದಲಿನಿಂದಲೂ ಕಣ್ಣು ತೆರೆದಿರಬಹುದು. ಆದರೆ ಅದಕ್ಕೂ ಮುಂಚೆ ಅವಳು ಖಾಲಿ ಸೀಸೆಯ ಗಾಳಿಯನ್ನು ಎಳೆದು ಚುಚ್ಚಿದಳು. ಅವಸರದ ಹೊತ್ತಿನಲ್ಲಿ ಇದೇನಿವಳದು ಎಂದು ನನಗೆ ಸಿಟ್ಟು ಬಂತು. ಸೂಜಿಯಲ್ಲೇ ಏನೂ ಅಂಟಿಕೊಂಡಿಲ್ಲ ಎಂದು ಮೊದಲು ಗೊತ್ತಾಗಬೇಕಂತೆ. ಆಮೇಲೆ ಬಾಟಲಿಯ ಆವಿ. ಆಮೇಲೆ ಬೀರುವಿನ ಶುದ್ಧ ಮೆಥನಾಲ್. ನಡುವೆ ಕಾಯುವಾಗ ಅವಳು ಯಂತ್ರದ ಪಕ್ಕದ ಮೇಜಿಗೆ ಹಣೆ ಹಚ್ಚಿ ನಿಂತಿದ್ದಳು. ನಿದ್ದೆಯೋ ಏನೋ ಎಂದುಕೊಂಡೆ. ಬೆರಳು ಮಾತ್ರ ಮೇಜಿನ ಅಂಚನ್ನು ತಟ್ಟುತ್ತಲೇ ಇತ್ತು.

ಮಗು ನನ್ನ ಹೆಗಲ ಮೇಲೆ ಮಲಗಿದ ಮೇಲೆ ಅಕ್ಕ ಫೋನು ಕಿವಿಗಿಟ್ಟುಕೊಂಡು ಹೊರಗೆ ಬಂದಳು. "ಇದೆ ಡಾಕ್ಟರ್. ಹೌದು, ಖಚಿತ. ಎರಡೂ ಒಂದೇ ಹೊತ್ತಿಗೆ ಬಂತು, ಚೂರೂ ಅವೇ." ಅಷ್ಟು ಹೇಳಿ ಕಾವಲಿನವನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಅವನು ತನ್ನ ಫ್ಲಾಸ್ಕಿನ ಚಹಾ ಕೊಟ್ಟ. ಆ ದಿನ ಅವಳು ಪೂರ್ತಿ ಕುಡಿದ ಚಹಾ ಅದೊಂದೇ.

ಮರುದಿನ ಹಳೆಯ ರಿಪೋರ್ಟನ್ನು ಹಿಂದಕ್ಕೆ ಪಡೆದು ಹೊಸದಕ್ಕೆ ಸಹಿ ಹಾಕುವಾಗ ಮೇಲಧಿಕಾರಿ ಮುಖ ಗಂಟಿಕ್ಕಿಕೊಂಡರಂತೆ. "ಹೆಸರು ಕೆಡತ್ತೆ ಕಣಮ್ಮ."

"ಕೆಡಲಿ ಸರ್, ನಂದೇ ಅಲ್ವಾ" ಎಂದಳಂತೆ. ವಾದ ಮಾಡುವಷ್ಟು ತ್ರಾಣ ಇರಲಿಲ್ಲ, ಅದಕ್ಕೇ ಹಾಗಂದೆ ಎಂದು ನನ್ನ ಬಳಿ ಹೇಳಿದಳು. ಔಷಧಿ ಸಮಯಕ್ಕೆ ಸಿಕ್ಕಿತ್ತು, ಹುಡುಗಿಯ ಕಣ್ಣಿಗೆ ಅಪಾಯವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರೂ ಅಕ್ಕನಿಗೆ ಸಮಾಧಾನವಿರಲಿಲ್ಲ. ಊಟದ ತಟ್ಟೆಯ ಮುಂದೆ ಕುಳಿತು "ನಾನು ಆವತ್ತು ಕೈ ತೊಳೆಯೋಕೆ ಅಡುಗೆಮನೆಗೆ ಹೋಗಿದ್ರೆ?" ಅನ್ನುತ್ತಿದ್ದಳು.

"ಬಚ್ಚಲಿಗೆ ಬಂದ್ಯಲ್ಲ. ಈಗ ಉಣ್ಣು."

ಕೆಲವು ವಾರಗಳ ನಂತರ ಒಂದು ಸಂಜೆ ಪಾಲಿಶಿನವನು ಮಗಳ ಕೈ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ. ನಮ್ಮ ಕುರ್ಚಿ ಮೇಜುಗಳಿಗೆಲ್ಲ ಪಾಲಿಶ್ ಹೊಡೆದುಕೊಡುತ್ತೇನೆ, ಬೇಡ ಅನ್ನಬಾರದು ಎಂದ. ಅಕ್ಕ ಸ್ಟೂಲಿನಿಂದ ಏಳದೆಯೇ ಎರಡೂ ಕೈ ಮುಗಿದಳು. "ಅಯ್ಯೋ, ಪಾಲಿಶ್ ಮಾತ್ರ ಬೇಡಪ್ಪ. ಮನೇಲಿ ಮಗು ಇದೆ." ಅವನು ಪೆಚ್ಚಾಗಿ, ಹಾಗಾದರೆ ಅಲುಗಾಡುವ ಮೇಜಿನ ಕಾಲನ್ನಾದರೂ ಸರಿಮಾಡುತ್ತೇನೆ ಎಂದು ಕುಕ್ಕರಗಾಲಿನಲ್ಲಿ ಕುಳಿತ.

ಹುಡುಗಿ ನನ್ನ ಮಗಳ ಕೆನ್ನೆ ಹಿಂಡುತ್ತಿದ್ದಳು. ಅಕ್ಕ ಕಪಾಟಿನ ಮೇಲಿದ್ದ ಪೌಡರ್ ಡಬ್ಬಿಯತ್ತ ಬೆರಳು ಮಾಡಿದಳು.

"ಅಲ್ಲಿಂದಾನೇ ಓದು ನೋಡೋಣ. ಕೆಳಗಿನ ಸಣ್ಣ ಅಕ್ಷರ."

"ನಿಮಗೆ ಕನ್ನಡಕ ಇದೆಯಲ್ಲ ಆಂಟಿ, ನೀವೇ ಓದ್ಕೊಳ್ಳಿ."

"ಓದೇ ತಾಯಿ."

ಹುಡುಗಿ ಕಣ್ಣು ಕಿರಿದು ಮಾಡದೆ, ಕುತ್ತಿಗೆ ಮುಂದೆ ಚಾಚದೆ, ಗಡಗಡನೆ ಓದಿ ಮುಗಿಸಿದಳು.

ಅಕ್ಕ ಗೋಡೆಗೆ ತಲೆಯಾನಿಸಿ ಕೇಳುತ್ತಿದ್ದಳು. ಮಡಿಲಲ್ಲಿ ಅಂಗಾತ ಬಿದ್ದ ಅವಳ ಕೈಗಳನ್ನು ಇನ್ನೂ ತೊಳೆದಿರಲಿಲ್ಲ.

"ಇನ್ನೊಂದ್ಸಲ" ಅಂದಳು.