ಗುದ್ದು ತಿನ್ನದ ಸೋದರತ್ತೆ

ಗೆಳೆಯರೇ, ಇವತ್ತು ಭೋಜ ಊರಲ್ಲಿ ನನ್ನ ತಮ್ಮ ತುಕಾರಾಮನ ಕೂಸಿಗೆ ಹೆಸರಿಟ್ಟರು. ಅಕ್ಕನ ಮುಖ ಮಾತ್ರ ನನಗೆ ನೋಡಲಾಗಲಿಲ್ಲ.

ನಮ್ಮ ಕಡೆ ಹೆಸರಿಡುವುದು ಸೋದರತ್ತೆಯ ಹಕ್ಕು. ಅವಳು ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಅಕ್ಕ ಜುಗೂಳದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಕೈಯಲ್ಲಿ ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ, ಮನಸ್ಸಿನಲ್ಲಿ ತೀರಿಹೋದ ಅಪ್ಪನ ಹೆಸರು, ಭೀಮಪ್ಪ.

ಅವಳು ತೊಟ್ಟಿಲಿಗೆ ಬಗ್ಗುವಷ್ಟರಲ್ಲಿ ತಮ್ಮ ತಡೆದ.

“ಅಕ್ಕಾ, ಹೆಸರು ನಾವ ಆರಿಸೇವಿ. ತುವಿಶ್ ಅನ್ನು.”

“ಹಂಗಂದ್ರ ಏನೋ?”

“ನನ್ನ ಹೆಸರಿನ ತು, ವಿಜಯಾನ ಹೆಸರಿನ ವಿ. ಕೂಡಿಸಿ ಮಾಡೇವಿ.”

“ಮತ್ತ ಆ ಶ್ ಯಾರದೋ?”

ತಮ್ಮ ಹೆಂಡತಿ ವಿಜಯಾಳ ಮುಖ ನೋಡಿದ. ಅವಳು ಕೂಸಿನ ಮುಖ ನೋಡಿದಳು. ಫೋಟೋದವನಿಗೆ ಅವಸರ. “ಲಗೂ ಮುಗಸ್ರಿ ಅಕ್ಕಾರ, ಬ್ಯಾಟರಿ ಖಾಲಿ ಆಗಾಕ ಬಂದೈತಿ.”

ಅಕ್ಕ ಬಗ್ಗಿ, ಹೇಳಿಕೊಟ್ಟ ಹೆಸರನ್ನೇ ಕಿವಿಯಲ್ಲಿ ಹೇಳಿದಳು. ಹೆಂಗಸರು ಗುದ್ದಲು ಕೈ ಎತ್ತಿದರು. ಅವಳು ಸರಕ್ಕನೆ ಪಕ್ಕಕ್ಕೆ ಸರಿದಳು.

“ನನಗ್ಯಾಕ ಗುದ್ದತೀರಿ? ಹೆಸರ ಇಟ್ಟಾಂವ ಅಲ್ಲಿ ನಿಂತಾನ. ಅವನ ಬೆನ್ನಿಗೆ ಗುದ್ರಿ.”

ಎಲ್ಲರೂ ನಕ್ಕರು, ಅಕ್ಕನೊಬ್ಬಳನ್ನು ಬಿಟ್ಟು. ಊಟಕ್ಕೆ ಕೂತಳು, ಹೋಳಿಗೆ ಮುಟ್ಟಲಿಲ್ಲ. ಸಂಜೆ ಬಸ್ ಹತ್ತುವಾಗ, “ಕೂಸು ಥೇಟ್ ನಮ್ಮ ಅಪ್ಪನಂಗ ಐತಿ” ಎಂದಷ್ಟೇ ಹೇಳಿದಳು.

ಬೆನ್ನಿಗೆ ಒಂದು ಗುದ್ದೂ ಬೀಳದೆ, ಇಷ್ಟು ನೊಂದು ಊರಿಗೆ ಹೋದ ಸೋದರತ್ತೆ ನಮ್ಮ ಮನೆತನದಲ್ಲಿ ಇವಳೇ ಮೊದಲಿಗಳು.