ಅತ್ತೆ ಕಾದಿದ್ದ ಮಾತು

ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ ಮೂಗಿಗೆ ಬಡಿದರೆ, ಅದು ಲಾರಿ ನಿಲ್ಲುವ ಜಾಗವಿರಲಿ, ಸಂತೆಯ ಅಂಗಡಿಯಿರಲಿ, ನಾನು ಒಂದು ಗಳಿಗೆ ನಿಂತುಬಿಡುತ್ತೇನೆ. ಅದರ ಹಿಂದೆಯೇ ಬೀಡಿಯ ಹೊಗೆ, ನೀರು ಚಿಮುಕಿಸಿದ ಮರಳಿನ ತಂಪು, ಪುಟ್ಟತಾಯತ್ತೆಯ ಸೆರಗಿಗೆ ಅಂಟಿದ್ದ ಹರಳೆಣ್ಣೆಯ ಘಾಟು ಎಲ್ಲವೂ ಬರುತ್ತವೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೇಸಿಗೆ ಬಂತೆಂದರೆ ನಮ್ಮ ನಂದಗುಡಿಯ ಬಯಲಿಗೆ ಟೆಂಟು ಸಿನಿಮಾದವರು ಬಂದು ಗೂಟ ಹೊಡೆಯುತ್ತಿದ್ದರು. ಆ ವರ್ಷ ಅವರು ತಂದದ್ದು ರಾಜರ ಕಾಲದ ಕತ್ತಿವರಸೆಯ ಸಿನಿಮಾ. ಊರಿನ ಹುಡುಗರೆಲ್ಲ ಜಾಲಿಯ ಕೋಲು ಹಿಡಿದು ಬೀದಿಬೀದಿಯಲ್ಲಿ ಯುದ್ಧ ಮಾಡಿದರು. ಆದರೆ ಆ ಸಿನಿಮಾಕ್ಕೆ ನಮ್ಮತ್ತೆಯಷ್ಟು ಮನಸೋತವರನ್ನು ನಾನು ಕಾಣಲಿಲ್ಲ.

ಪುಟ್ಟತಾಯತ್ತೆ ಅಪ್ಪನ ಅಕ್ಕ. ಮದುವೆಯಾಗಿ ಹೋದವಳು ನಾನು ಹುಟ್ಟುವ ಮುಂಚೆಯೇ ತವರಿಗೆ ಬಂದುಬಿಟ್ಟಿದ್ದಳಂತೆ. ಅವಳ ಗಂಡ ನಂಜಪ್ಪ ಮಾವ ರೇಷ್ಮೆಗೂಡಿನ ವ್ಯಾಪಾರಕ್ಕೆಂದು ಚಿಂತಾಮಣಿ ಕಡೆಗೆ ಓಡಾಡುತ್ತಿದ್ದವನು, ಒಂದು ದಿನ ಹೋದವನು ಬರಲೇ ಇಲ್ಲ. ಅಲ್ಲಿ ಸರೋಜ ಅನ್ನುವವಳ ಜೊತೆ ಮನೆ ಮಾಡಿದ್ದಾನೆಂದು ಆಮೇಲೆ ಯಾರೋ ಬಂದು ಹೇಳಿದರು. ಹೇಳದೆ ಕೇಳದೆ ಹೋದರಲ್ಲ ಅನ್ನುವುದೊಂದೇ ಅತ್ತೆಯ ಸಂಕಟ. ಜಗಳವಾಡಿದ್ದರೆ, ನೀನು ಬೇಡ ಎಂದು ಮುಖಕ್ಕೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅವಳು ಅಜ್ಜಿಯ ಹತ್ತಿರ ಹೇಳುವುದನ್ನು ನಾನು ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡಿದ್ದೇನೆ. ಹಸು ಕರೆಯುವುದು, ಹಿಟ್ಟು ಬೀಸುವುದು, ನನ್ನ ತಲೆ ಬಾಚುವುದು ಎಲ್ಲವನ್ನೂ ಅವಳು ಮಾಡುತ್ತಿದ್ದಳು. ಕೈ ಕೆಲಸದಲ್ಲಿದ್ದರೂ ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು.

ಸಿನಿಮಾದ ಕಥೆ ಇಷ್ಟು. ರಾಜಕುಮಾರನೊಬ್ಬನನ್ನು ಅವನ ಪ್ರಾಣಸ್ನೇಹಿತನಾದ ಸೇನಾಧಿಪತಿಯೇ ಕೋಟೆಯ ಗೋಡೆಯಿಂದ ಹೊಳೆಗೆ ತಳ್ಳಿ ಸಿಂಹಾಸನ ಹಿಡಿಯುತ್ತಾನೆ. ಬದುಕಿ ಉಳಿದ ರಾಜಕುಮಾರ ಎಷ್ಟೋ ವರ್ಷದ ಮೇಲೆ ಮುಖವಾಡ ಹಾಕಿಕೊಂಡು ಮರಳುತ್ತಾನೆ. ಕೊನೆಯ ಕಾಳಗದಲ್ಲಿ ದ್ರೋಹಿಯ ಕುತ್ತಿಗೆಗೆ ಕತ್ತಿ ಇಟ್ಟು ಮುಖವಾಡ ತೆಗೆಯುತ್ತಾನೆ. ಆಗ ಆ ಸೇನಾಧಿಪತಿ ಮಂಡಿಯೂರಿ, ನಿನಗೆ ದ್ರೋಹ ಮಾಡಿದೆ ಎಂದು ತನ್ನ ಬಾಯಾರೆ ಹೇಳುತ್ತಾನೆ. ಅಷ್ಟು ಹೊತ್ತಿಗೆ ಅತ್ತೆ ನನ್ನ ಕೈ ಹಿಡಿದು ಎದ್ದುಬಿಡುತ್ತಿದ್ದಳು. ದ್ರೋಹಿ ಸಾಯುವುದನ್ನು, ಜನ ಶಿಳ್ಳೆ ಹೊಡೆಯುವುದನ್ನು ನಾವು ಹೊರಗಿನಿಂದ ಬರೀ ಕೇಳಿಸಿಕೊಳ್ಳುತ್ತಿದ್ದೆವು. ಸಾಯಿಸೋದನ್ನ ನೋಡೋಣ ಅತ್ತೆ ಎಂದು ಒಮ್ಮೆ ಹಟ ಮಾಡಿದೆ. "ಅದೇನ್ ನೋಡ್ತೀಯ ಬಿಡಮ್ಮ. ಅವ್ನು ಬಾಯ್ಬಿಟ್ಟು ಹೇಳುದ್ನಲ್ಲ, ಅಷ್ಟು ಸಾಕು" ಅಂದಳು. ಮರುದಿನ ಮತ್ತೆ ಹೊರಟಳು. ಟೆಂಟು ಕೀಳುವವರೆಗೆ ಅದೆಷ್ಟು ಸಲ ಹೋದೆವೋ.

ಮುಂದಿನ ವರ್ಷದ ಶ್ರಾವಣದಲ್ಲಿ ನಂಜಪ್ಪ ಮಾವ ಬಂದ. ಮಧ್ಯಾಹ್ನದ ಬಸ್ಸಿಳಿದು ನಮ್ಮ ಮನೆಯ ಮುಂದೆ ನಿಂತವನನ್ನು ಮೊದಲು ಯಾರೂ ಗುರುತು ಹಿಡಿಯಲಿಲ್ಲ. ಎದೆ ಒಳಗೆ ಹೋಗಿ, ಮಾತಿಗೊಂದು ಕೆಮ್ಮು ಬರುತ್ತಿತ್ತು. ಅಪ್ಪ ಬಾಗಿಲಿಗೆ ಅಡ್ಡ ನಿಂತು, ಇಷ್ಟು ವರ್ಷ ಇದ್ದೆಯಲ್ಲ, ಆ ಸರೋಜನ ಹತ್ತಿರಕ್ಕೇ ಹೋಗು ಎಂದ. ಮಾವ ತಲೆ ತಗ್ಗಿಸಿ ನಿಂತೇ ಇದ್ದ. ಅಷ್ಟರಲ್ಲಿ ಒಳಗಿನಿಂದ ಬಂದ ಅತ್ತೆ ಅಪ್ಪನನ್ನು ಸರಿಸಿ, ಜಗಲಿಯ ಮೇಲೆ ಒಂದು ಚೊಂಬು ನೀರಿಟ್ಟು, ಅವನ ಮುಖ ನೋಡದೆ ಒಳಗೆ ಹೋದಳು. ಅಪ್ಪ ಬಾಗಿಲು ಬಿಟ್ಟು ಹಿತ್ತಿಲ ಕಡೆ ನಡೆದ. ಮಾವ ಆ ಜಗಲಿಯಲ್ಲೇ ಉಳಿದ.

ಅತ್ತೆ ಅವನಿಗೆ ಹೊತ್ತುಹೊತ್ತಿಗೆ ಮುದ್ದೆ ಇಟ್ಟಳು, ಕಷಾಯ ಕಾಯಿಸಿದಳು, ಬಟ್ಟೆ ಒಗೆದಳು. ಮಾತು ಮಾತ್ರ ಆಡಲಿಲ್ಲ. ನಿಮ್ಮ ಮಾವಂಗೆ ನೀರು ಕಾದಿದೆ ಅಂತ ಹೇಳು ಎಂದು ನನ್ನ ಕೈಲಿ ಹೇಳಿಸುತ್ತಿದ್ದಳು. ಅವನೂ, ಸಾರಿಗೆ ಉಪ್ಪು ಸಾಲದು ಅಂತ ಹೇಳಮ್ಮ ಎಂದು ನನಗೇ ಹೇಳುತ್ತಿದ್ದ. ಮಳೆ, ರಾಗಿಯ ತೆನೆ, ಹಸುವಿನ ಕೆಚ್ಚಲು, ಎಲ್ಲದರ ಬಗ್ಗೆ ದಾರಿಹೋಕರನ್ನು ಕೂರಿಸಿಕೊಂಡು ಮಾತಾಡುವವನು ತಾನು ಮಾಡಿದ್ದರ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಸಿನಿಮಾ ನೋಡಿ ಬೆಳೆದ ನನಗೆ ಇದು ಸರಿಬರಲಿಲ್ಲ. ಅವನನ್ನು ಯಾಕೆ ಸುಮ್ಮನೆ ಬಿಟ್ಟಿದ್ದೀಯ ಎಂದು ಹಸು ಕರೆಯುತ್ತಿದ್ದವಳನ್ನು ಕೇಳಿದೆ. ಹಾಲಿನ ಸದ್ದು ನಿಂತಿತು. "ಅವ್ರಾಗೇ ಒಂದ್ಮಾತು ಹೇಳ್ಲಿ ಅಂತ ಕಾಯ್ತಿದೀನಿ ಕಣಮ್ಮ. ತಪ್ಪಾಯ್ತು ಅಂದ್ಬಿಟ್ರೆ ಮುಗ್ದೋಯ್ತು. ಆಮೇಲೆ ಮಾತಾಡ್ತೀನಿ." ಮತ್ತೆ ಕರೆಯತೊಡಗಿದಳು. ಹೀಗೇ ಎರಡು ಸುಗ್ಗಿ ಕಳೆದವು.

ಮೂರನೆಯದರಲ್ಲಿ ಮಾವ ಹಾಸಿಗೆ ಹಿಡಿದ. ಚಳಿಗೆ ಹೆದರಿ ಅವನನ್ನು ಹಜಾರಕ್ಕೆ ತಂದಿದ್ದರು. ಅವತ್ತು ಬೆಳಿಗ್ಗೆ ಎಲ್ಲರೂ ರಾಗಿ ಕಣಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು, ಅವನು ಮೂವರೇ. ಜ್ವರ ಏರಿ ಅವನ ಕಣ್ಣು ಮಂಜಾಗಿತ್ತು. ಗಂಜಿ ಕುಡಿಸಲು ಬಗ್ಗಿದ ಅತ್ತೆಯ ಮುಂಗೈಯನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ತುಟಿ ಅಲುಗಿತು. ಅತ್ತೆ ಬಟ್ಟಲು ಕೆಳಗಿಟ್ಟು, ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು. ಅವಳ ಮುಖ ಆಗ ಟೆಂಟಿನ ಕತ್ತಲಲ್ಲಿ ನಾನು ಎಷ್ಟೋ ಸಲ ಕಂಡ ಮುಖವೇ ಆಗಿತ್ತು.

"ತಪ್ಪಾಯ್ತು ಕಣೇ," ಅಂದ ಮಾವ. "ಹೇಳ್ದೆ ಕೇಳ್ದೆ ನಿನ್ನ ಬಿಟ್ ಬಂದ್ಬಿಟ್ಟೆ. ಕ್ಷಮಿಸ್ಬಿಡೇ ಸರೋಜಾ."

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಬಗ್ಗಿದವಳು ಬಗ್ಗಿಕೊಂಡೇ ಇದ್ದಳು. ಎದ್ದು ಹೋಗಿಬಿಡುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಇನ್ನೊಂದು ಕೈಯಿಂದ ಅವನ ಹಣೆಯ ಕೂದಲು ಸರಿಸಿದಳು. "ಆಯ್ತು ಬಿಡಿ. ನಾನದ್ನೆಲ್ಲ ಮನಸ್ಸಲ್ಲಿ ಇಟ್ಕೊಂಡಿಲ್ಲ. ಮಲಕ್ಕೊಳ್ಳಿ" ಅಂದಳು. ನನ್ನ ಕಿವಿಗೆ ಬಿದ್ದಂತೆ ಅವಳು ಗಂಡನೊಡನೆ ಆಡಿದ ಮಾತು ಅಷ್ಟೇ. ಬಿಸಿಲೇರುವ ಮೊದಲೇ ಅವನು ಹೋದ.

ಕಣದಿಂದ ಓಡಿ ಬಂದ ಅಪ್ಪ, ಮೈಯೆಲ್ಲ ರಾಗಿಯ ಹೊಟ್ಟು, ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತು, ಕೊನೇಲಿ ಏನಾದ್ರೂ ಹೇಳಿದ್ರೇನಕ್ಕಾ ಎಂದು ಕೇಳಿದ. ಅತ್ತೆ ನನ್ನ ಕಡೆ ನೋಡಲಿಲ್ಲ. "ಹೂಂ. ತಪ್ಪಾಯ್ತು ಅಂದ್ರು" ಎಂದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಷ್ಟಾದರೂ ಅಂದನಲ್ಲ ಎಂದು ನಿಟ್ಟುಸಿರು ಬಿಟ್ಟಳು.

ಅಜ್ಜಿ ಹೋದಳು, ಅಪ್ಪ ಹೋದ. ಆ ವಿಷಯವನ್ನು ನನ್ನೊಡನೆ ಒಂದು ಸಲವೂ ಎತ್ತದೆ ಅತ್ತೆಯೂ ಹೋದಳು. ಆ ಹಜಾರ, ಆ ಜಗಲಿ ಇದ್ದ ಜಾಗದಲ್ಲಿ ಈಗ ಯಾರದೋ ತಂತಿ ಬೇಲಿಯಿದೆ. ಮದುವೆ ಮನೆಗಳಲ್ಲಿ ಸಿಗುವ ನೆಂಟರ ನಡುವೆ ಎಂದಾದರೂ ಪುಟ್ಟತಾಯತ್ತೆಯ ಮಾತು ಬರುತ್ತದೆ. ಪಾಪ, ತುಂಬಾ ಅನುಭವಿಸಿದಳು, ಆದರೂ ಕೊನೆಗಾಲದಲ್ಲಿ ಗಂಡ ಅವಳ ಕೈ ಹಿಡಿದು ತಪ್ಪಾಯ್ತು ಅಂದನಂತೆ, ಅಷ್ಟರಮಟ್ಟಿಗೆ ಪುಣ್ಯವಂತೆ ಅನ್ನುತ್ತಾರೆ. ನೀನು ಅಲ್ಲೇ ಇದ್ದೆಯಲ್ಲವೇ ಎಂದು ನನ್ನ ಕಡೆ ತಿರುಗುತ್ತಾರೆ.

ಹೌದು, ಅಂದರು ಅನ್ನುತ್ತೇನೆ.